ಹೊಟ್ಟೆಯಲ್ಲಿ ನೀರೂ ನಿಲ್ಲದಿದ್ದಾಗ

(ಸಂಕ್ರಾಂತಿಯ ಅರಿಸಿನ-ಕುಂಕುಮದ ನಿಮಿತ್ತ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ಆಡಿದ ಮಾತುಗಳನ್ನು ತುಸು ತಿದ್ದಿ, ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಎಳ್ಳು-ಬೆಲ್ಲ ಹಂಚುವ ಹೊತ್ತಿನಲ್ಲಿ ವಾಂತಿಯ ಮಾತು ತೆಗೆಯುವುದು ಅಷ್ಟು ಚೆಂದವಲ್ಲವೆಂದು ನನಗೂ ಗೊತ್ತು. ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಏನಾದರೂ ಹೇಳಿ ಎಂದು ಸಂಘಟಕರು ಕೇಳಿದಾಗ ರಕ್ತಹೀನತೆ, ಮುಟ್ಟು ನಿಲ್ಲುವ ಕಾಲ ಮೊದಲಾದ ವಿಷಯಗಳು ಅವರ ಮನಸ್ಸಿನಲ್ಲಿದ್ದವು. ನಾನೇ ಹಟ ಹಿಡಿದು ಈ ವಿಷಯವನ್ನು ಆರಿಸಿಕೊಂಡೆ. ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿ ಪ್ರಸೂತಿ ವೈದ್ಯೆಯಾಗಿ ಕೆಲಸ ಮಾಡುತ್ತಿದ್ದೇನೆ; ಮನೆಮಂದಿಯೆಲ್ಲ ಕಣ್ಣಾರೆ ನೋಡುತ್ತಿದ್ದರೂ ಯಾರ ಲೆಕ್ಕಕ್ಕೂ ಬಾರದೆ ಬೆಳೆಯುವ ಕಾಯಿಲೆ ಇದರಂಥದು ಇನ್ನೊಂದನ್ನು ನಾನು ಕಂಡಿಲ್ಲ.

ಇದಕ್ಕೆ ಕಾರಣದ ಒಂದು ಪಾಲು ನಮ್ಮ ಮಾತಿನಲ್ಲೇ ಇದೆ. ಬಸುರಿಗೆ ಹುಣಸೆಕಾಯಿ, ಮಾವಿನಕಾಯಿ ತಿನ್ನಬೇಕೆನಿಸುವುದೂ ಬಯಕೆ, ಬೆಳಿಗ್ಗೆ ಎದ್ದೊಡನೆ ಬಚ್ಚಲಿನಲ್ಲಿ ಬಾಗಿ ನಿಲ್ಲುವುದೂ ಬಯಕೆಯೇ. ನಮ್ಮ ಧಾರವಾಡದ ಕಡೆ ‘ಸೊಸಿಗೆ ಬಯಕಿ ಭಾಳ ಅದ’ ಎಂದರೆ, ಕೇಳಿದವರು ಅವಳಿಗೆ ಏನು ತಿನ್ನಿಸಬೇಕೆಂದು ಯೋಚಿಸುವುದಿಲ್ಲ, ಅವಳು ಕಕ್ಕುತ್ತಿದ್ದಾಳೆಂದು ತಿಳಿದುಕೊಳ್ಳುತ್ತಾರೆ. ಮರಾಠಿಯ ಡೋಹಾಳೆಯದೂ ಇದೇ ಕಥೆ. ನಿಮ್ಮ ಬಿಲ್ಡಿಂಗಿನ ಕಾಕೂ ಯಾರಾದರೂ ‘ಕಡಕ್ ಡೋಹಾಳೆ’ ಎಂದು ನಗುತ್ತ ಹೇಳಿದ್ದನ್ನು ನೀವು ಕೇಳಿಯೇ ಇರುತ್ತೀರಿ. ಏಳನೆಯ ತಿಂಗಳಿನಲ್ಲಿ ಹಸಿರು ಸೀರೆ ಉಡಿಸಿ ಮಾಡುವ ಡೋಹಾಳ ಜೇವಣದಲ್ಲಿಯೂ ಇರುವುದು ಅದೇ ಪದ. ಸಂಭ್ರಮದ ಪದದೊಳಗೆ ಸಂಕಟವನ್ನು ಮಡಚಿಟ್ಟಿರುವುದರಲ್ಲಿ ಹಿರಿಯರ ಒಂದು ಜಾಣತನವೂ ಇದ್ದೀತು. ಹತ್ತು ಬಸುರಿಯರಲ್ಲಿ ಏಳೆಂಟು ಮಂದಿಗೆ ಓಕರಿಕೆ ಬಂದೇ ಬರುತ್ತದೆ, ಅವರಲ್ಲಿ ಬಹುಪಾಲು ಜನರಿಗೆ ಅದು ತಾನಾಗಿಯೇ ಹೋಗುತ್ತದೆ. ಆದರೆ ನೂರರಲ್ಲಿ ಒಬ್ಬರಿಂದ ಮೂವರಿಗೆ ಬರುವುದು ಬೇರೆಯೇ ಜಾತಿಯದು. ಅದಕ್ಕೆ ವೈದ್ಯಶಾಸ್ತ್ರದಲ್ಲಿ ಹೈಪರ್‌ಎಮೆಸಿಸ್ ಗ್ರಾವಿಡೇರಮ್ ಎಂಬ ಉದ್ದನೆಯ ಹೆಸರಿದೆ, ಕನ್ನಡದಲ್ಲಿ ಪ್ರತ್ಯೇಕ ಹೆಸರೇ ಇಲ್ಲ. ಹೆಸರಿಲ್ಲದ ಕಾಯಿಲೆಗೆ ಮನೆಯಲ್ಲಿ ರಜೆಯೂ ಸಿಗುವುದಿಲ್ಲ, ಔಷಧವೂ ಸಿಗುವುದಿಲ್ಲ. ಈ ಹೊತ್ತು ನಾನದನ್ನು ಅತಿವಾಂತಿ ಎಂದು ಕರೆಯುತ್ತೇನೆ.

ಇದರ ತಪ್ಪು ಬರೀ ಮನೆಯವರದೆಂದು ನಾನು ಹೇಳಲಾರೆ, ಏಕೆಂದರೆ ನಾನೇ ಒಮ್ಮೆ ಮೋಸಹೋಗಿದ್ದೇನೆ. ಹಲವು ವರ್ಷಗಳ ಹಿಂದೆ, ಕುಂದಾಪುರದ ಕಡೆಯ ಹುಡುಗಿಯೊಬ್ಬಳು ಎಂಟನೆಯ ವಾರದಲ್ಲಿ ನನ್ನ ಬಳಿಗೆ ಬಂದಳು. ಗಂಡ ಹೋಟೆಲಿನ ಗಲ್ಲೆಯ ಮೇಲೆ ಕೆಲಸ ಮಾಡುತ್ತಿದ್ದ, ಇವಳು ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದ ಹತ್ತಿರದ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಳು. ಪರ್ಸಿನಿಂದ ಒಂದು ಲೀಟರಿನ ಐಸ್‌ಕ್ರೀಮ್ ಡಬ್ಬಿ ತೆಗೆದು ತೋರಿಸಿದಳು. ಮುಚ್ಚಳ ಬಿಗಿಯಾಗಿರುವ ಡಬ್ಬಿ. ಒಳಗೆ ಮಡಚಿದ ಹಳೆಯ ಲೋಕಸತ್ತಾ ಪತ್ರಿಕೆಯ ಪುಟ, ಹೊರಗೆ ಎರಡು ಪ್ಲಾಸ್ಟಿಕ್ ಚೀಲ. ಫಾಸ್ಟ್ ಲೋಕಲ್ ರೈಲು ದಿವಾ ದಾಟಿ ಪಾರ್ಸಿಕ್ ಸುರಂಗದೊಳಗೆ ಹೊಕ್ಕೊಡನೆ ಅವಳು ಆ ಡಬ್ಬಿಗೆ ವಾಂತಿ ಮಾಡಿಕೊಳ್ಳುತ್ತಿದ್ದಳಂತೆ. ಸುರಂಗದ ಸದ್ದಿನಲ್ಲಿ ತನ್ನ ಓಕರಿಕೆಯ ಸದ್ದು ಲೇಡೀಸ್ ಡಬ್ಬದಲ್ಲಿ ಯಾರಿಗೂ ಕೇಳಿಸದು ಎಂದು ಅಲ್ಲಿಯತನಕ ತಡೆದು ಹಿಡಿಯುತ್ತಿದ್ದಳು. ಇಷ್ಟನ್ನೂ ಕೇಳಿದ ಮೇಲೆ ನಾನು ಹೇಳಿದ್ದೇನು? ‘ಮೂರು ತಿಂಗಳು ಹೀಗೇ ಇರುತ್ತದಮ್ಮ, ಶುಂಠಿ ಚೀಪು’ ಎಂದೆ. ಫೋಲಿಕ್ ಆಮ್ಲದ ಜೊತೆಗೆ ಕಬ್ಬಿಣಾಂಶದ ಮಾತ್ರೆಯನ್ನೂ ಬರೆದುಕೊಟ್ಟೆ, ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಅವಳ ತೂಕ ಅಂದು 52 ಕಿಲೋ ಇತ್ತು.

ಹದಿನೆಂಟು ದಿನಗಳ ನಂತರ ಗಂಡ ಅವಳನ್ನು ರಿಕ್ಷಾದಿಂದ ಎತ್ತಿಕೊಂಡೇ ಮೆಟ್ಟಿಲು ಹತ್ತಿಸಿದ. ತೂಕ 46 ಕಿಲೋಗೆ ಇಳಿದಿತ್ತು. ನಡುವೆ ಎರಡು ಬಾರಿ ಮನೆಯ ಹತ್ತಿರದ ದವಾಖಾನೆಯೊಂದರಲ್ಲಿ ಗ್ಲೂಕೋಸ್ ಹಚ್ಚಿಸಿಕೊಂಡು ಬಂದಿದ್ದಳು, ಪ್ರತಿಬಾರಿಯೂ ಒಂದು ದಿನ ಚೇತರಿಸಿಕೊಂಡಂತೆ ಆಗಿ ಮತ್ತೆ ಕುಸಿದಿದ್ದಳು. ನನ್ನ ಮುಖವನ್ನೇ ನೋಡುತ್ತ, ‘ಡಾಕ್ಟ್ರೇ, ನೀವು ಇಬ್ಬರು ಕಾಣ್ತಿದ್ದೀರಿ’ ಎಂದಳು. ಎದ್ದು ನಿಲ್ಲಿಸಿದರೆ ಕುಡಿದವರಂತೆ ಓಲಾಡುತ್ತಿದ್ದಳು. ಆ ಎರಡು ಲಕ್ಷಣಗಳನ್ನು ನಾನು ಅದುವರೆಗೆ ಪುಸ್ತಕದಲ್ಲಿ ಮಾತ್ರ ಓದಿದ್ದೆ.

ಅದು ವರ್ನಿಕೆ ಎಂಬ ಮೆದುಳಿನ ತೊಂದರೆ. ನಾವು ತಿಂದ ಸಕ್ಕರೆ, ಪಿಷ್ಟಗಳನ್ನು ದೇಹವು ಶಕ್ತಿಯಾಗಿ ಮಾರ್ಪಡಿಸಬೇಕಾದರೆ ಥಯಾಮಿನ್, ಅಂದರೆ ಬಿ1 ಜೀವಸತ್ವ ಬೇಕು. ದೇಹದಲ್ಲಿ ಅದರ ದಾಸ್ತಾನು ಬಹಳ ಕಡಿಮೆ, ಕೆಲವೇ ವಾರಗಳಿಗೆ ಸಾಲುವಷ್ಟು. ವಾರಗಟ್ಟಲೆ ಏನೂ ಹೊಟ್ಟೆಯಲ್ಲಿ ನಿಲ್ಲದವಳಿಗೆ ಆ ದಾಸ್ತಾನು ತಳ ಕಂಡಿರುತ್ತದೆ. ಅಂಥ ಹೊತ್ತಿನಲ್ಲಿ ಬಿ1 ಕೊಡದೆ ನರಕ್ಕೆ ಗ್ಲೂಕೋಸ್ ಹರಿಸಿದರೆ, ಅದನ್ನು ಉರಿಸಲು ದೇಹವು ಉಳಿದ ಚೂರುಪಾರು ಬಿ1 ಅನ್ನೂ ಖರ್ಚು ಮಾಡಿಬಿಡುತ್ತದೆ, ಮೆದುಳು ಬರಿಗೈಯಾಗುತ್ತದೆ. ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣುಗುಡ್ಡೆ ತಾನಾಗಿ ಅಲುಗಾಡುವುದು, ನಡಿಗೆ ತಪ್ಪುವುದು, ಮಾತಿನಲ್ಲಿ ಗೊಂದಲ ಇವೇ ಅದರ ಗುರುತುಗಳು. ಸಮಯಕ್ಕೆ ಬಿ1 ಚುಚ್ಚುಮದ್ದು ಕೊಟ್ಟರೆ ತಿರುಗಿ ಬರುತ್ತಾರೆ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹಾಳಾಗಬಹುದು, ಜೀವವೂ ಹೋಗಬಹುದು. ನಮ್ಮ ಹುಡುಗಿಯನ್ನು ಬಿ1 ಚುಚ್ಚಿ, ಆ ಸಂಜೆಯೇ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ನೆಟ್ಟಗೆ ನಡೆಯಲು ಅವಳಿಗೆ ಕೆಲವು ವಾರಗಳೇ ಬೇಕಾದವು. ಮಗು 2.4 ಕಿಲೋ ತೂಕದ್ದು ಹುಟ್ಟಿತು, ಚೆನ್ನಾಗಿದೆ.

‘ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬಾ, ಸರಿಹೋಗುತ್ತದೆ’ ಎಂಬ ಮಾತನ್ನು ಈ ಸಭೆಯಲ್ಲಿ ಹೇಳದವರು, ಕೇಳದವರು ಯಾರೂ ಇರಲಿಕ್ಕಿಲ್ಲ. ಆದುದರಿಂದ ಇದೊಂದನ್ನು ಬಿಡಿಸಿ ಹೇಳುತ್ತೇನೆ. ಅತಿವಾಂತಿಯಲ್ಲಿ ದೇಹ ಕಳೆದುಕೊಳ್ಳುವುದು ಸಕ್ಕರೆಗಿಂತ ಹೆಚ್ಚಾಗಿ ನೀರು ಮತ್ತು ಲವಣಗಳನ್ನು. ಹಚ್ಚಬೇಕಾದುದು ಸಲೈನ್, ಅಂದರೆ ಉಪ್ಪಿನ ದ್ರಾವಣ. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಎಷ್ಟಿದೆಯೆಂದು ನೋಡಿ ಅದನ್ನೂ ಸೇರಿಸಬೇಕಾಗುತ್ತದೆ. ಯಾವ ಕಾರಣಕ್ಕಾದರೂ ಗ್ಲೂಕೋಸ್ ಹಚ್ಚಲೇಬೇಕಾಗಿ ಬಂದರೆ ಬಿ1 ಮೊದಲು ಹೋಗಬೇಕು. ‘ಬಿ1 ಕೊಟ್ಟಿದ್ದೀರಾ?’ ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಕೆಲವು ವೈದ್ಯರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರಬಹುದು. ಬರಲಿ, ಆಮೇಲೆ ಇಳಿಯುತ್ತದೆ.

ಇನ್ನು, ಸಾಧಾರಣ ಓಕರಿಕೆ ಯಾವುದು, ಅತಿವಾಂತಿ ಯಾವುದು ಎಂದು ಮನೆಯಲ್ಲಿಯೇ ತಿಳಿಯುವುದು ಹೇಗೆ? ಓಕರಿಕೆ ಸಾಮಾನ್ಯವಾಗಿ ನಾಲ್ಕರಿಂದ ಏಳನೆಯ ವಾರದೊಳಗೆ ತಲೆ ಎತ್ತುತ್ತದೆ, ಒಂಬತ್ತನೆಯ ವಾರದ ಸುಮಾರಿಗೆ ತಾರಕಕ್ಕೇರುತ್ತದೆ, ಹತ್ತರಲ್ಲಿ ಒಂಬತ್ತು ಮಂದಿಗೆ ಇಪ್ಪತ್ತನೆಯ ವಾರದೊಳಗೆ ಹೋಗಿರುತ್ತದೆ. ಬೆಳಗಿನ ಹೊತ್ತಿಗೆ ಮಾತ್ರ ಎಂಬುದು ಅರ್ಧ ಸತ್ಯ, ಎಷ್ಟೋ ಜನರಿಗೆ ಸಂಜೆಯೇ ಹೆಚ್ಚು. ಹನ್ನೊಂದನೆಯ ವಾರ ಕಳೆದ ಮೇಲೆ ಹೊಸದಾಗಿ ಶುರುವಾದ ವಾಂತಿಯನ್ನು ಬಯಕೆಯೆಂದು ಬಿಡಬಾರದು; ಮೂತ್ರದ ಸೋಂಕು, ಪಿತ್ತಕೋಶದ ಕಲ್ಲು, ಕಾಮಾಲೆ, ಅಪೆಂಡಿಕ್ಸ್ ಹೀಗೆ ಬೇರೆ ಕಾರಣವಿರಬಹುದು. ಮೊದಲಿಂದಲೇ ವಾಂತಿ ವಿಪರೀತವಾಗಿದ್ದರೆ ಸೋನೋಗ್ರಫಿ ಮಾಡಿಸಿ ಅವಳಿ ಮಕ್ಕಳೇ, ಅಥವಾ ಮಾಸು ದ್ರಾಕ್ಷಿಗೊಂಚಲಿನಂತೆ ಬೆಳೆಯುವ ಮೋಲಾರ್ ಬಸಿರೇ ಎಂದು ನೋಡುವುದು ಅಗತ್ಯ.

ವಾಂತಿ ಎಷ್ಟು ಸಲ ಆಯಿತು ಎಂಬುದಕ್ಕಿಂತ ಒಳಗೆ ಎಷ್ಟು ಉಳಿಯಿತು ಎಂಬುದು ಮುಖ್ಯ. ಒಂದು ದಿನ ಒಂದು ರಾತ್ರಿ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ, ಎಂಟು ಗಂಟೆಗಳ ಕಾಲ ಮೂತ್ರವೇ ಆಗದಿದ್ದರೆ ಅಥವಾ ಆದದ್ದು ಕಡು ಚಹಾದ ಬಣ್ಣದಲ್ಲಿದ್ದರೆ, ಎದ್ದು ನಿಂತೊಡನೆ ಕಣ್ಣು ಕತ್ತಲೆ ಬಂದರೆ, ಬಸಿರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರವೋ ಹೊಟ್ಟೆನೋವೋ ಜೊತೆಗಿದ್ದರೆ ಬೆಳಗಾಗಲೆಂದು ಕಾಯಬೇಡಿ. ಮಹಾರಾಷ್ಟ್ರದಲ್ಲಿ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಐವತ್ತು ಕಿಲೋದವಳಿಗೆ ಐದು ಪಾಲೆಂದರೆ ಎರಡೂವರೆ ಕಿಲೋ. ಆದ್ದರಿಂದಲೇ ಬಸಿರು ಗೊತ್ತಾದ ವಾರದಲ್ಲಿಯೇ ತೂಕ ನೋಡಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ ಎನ್ನುತ್ತೇನೆ. ಆಮೇಲೆ ವೈದ್ಯರ ಮುಂದೆ ‘ಭಾಳ ಸೋತಾಳ್ರೀ’ ಎನ್ನುವುದಕ್ಕೂ, ‘ಹದಿನೈದು ದಿನಕ್ಕೆ ಮೂರು ಕಿಲೋ ಇಳಿದಾಳ್ರೀ’ ಎನ್ನುವುದಕ್ಕೂ ಅಜಗಜಾಂತರ.

ವೈದ್ಯರು ಬಳಸುವ ಸರಳ ಅಳತೆಯೊಂದಿದೆ, ಅದರ ಹೆಸರು ಪ್ಯೂಕ್. ಕಳೆದ 24 ಗಂಟೆಗಳಲ್ಲಿ ಎಷ್ಟು ಹೊತ್ತು ಹೊಟ್ಟೆ ತೊಳಸಿತು, ಎಷ್ಟು ಸಲ ವಾಂತಿಯಾಯಿತು, ಏನೂ ಬಾರದೆ ಬರೀ ಓಕರಿಸಿದ್ದು ಎಷ್ಟು ಸಲ ಎಂಬ ಮೂರು ಪ್ರಶ್ನೆಗಳಿಗೆ ಅಂಕ ಕೊಟ್ಟು ಕೂಡುತ್ತಾರೆ. ಕನಿಷ್ಠ 3, ಗರಿಷ್ಠ 15; 13 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ ಎಂದು ಲೆಕ್ಕ. ಈ ಮೂರನ್ನು ದಿನವೂ ಬರೆದಿಟ್ಟುಕೊಂಡು ಹೋದವಳನ್ನು ಶುಂಠಿ ಚೀಪು ಎಂದು ಹಿಂದಕ್ಕೆ ಕಳಿಸುವುದು ನನ್ನಂಥವರಿಗೂ ಕಷ್ಟ. ಮೂತ್ರದಲ್ಲಿ ಕೀಟೋನ್, ಅಂದರೆ ಹೊಟ್ಟೆಗಿಲ್ಲದಾಗ ದೇಹ ಕೊಬ್ಬನ್ನು ಕರಗಿಸುವುದರಿಂದ ಉಂಟಾಗುವ ವಸ್ತು, ಎಷ್ಟಿದೆಯೆಂದು ನೋಡಿ ತೀವ್ರತೆ ಅಳೆಯುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ಬ್ರಿಟನ್ನಿನ ಪ್ರಸೂತಿ ವೈದ್ಯರ ರಾಯಲ್ ಕಾಲೇಜು 2024ರ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಡಲು ಹೇಳಿದೆ. ಕೀಟೋನ್ ಇಲ್ಲವೆಂದ ಮಾತ್ರಕ್ಕೆ ಅವಳು ಸುಳ್ಳು ಹೇಳುತ್ತಿದ್ದಾಳೆಂದು ಅರ್ಥವಲ್ಲ.

ಸುಳ್ಳಿನ ಮಾತು ಬಂದದ್ದರಿಂದ ಕಾರಣದ ಮಾತನ್ನೂ ಹೇಳಬೇಕು. ‘ಮನಸ್ಸು ಗಟ್ಟಿ ಮಾಡಿಕೋ’, ‘ಕೆಲಸ ತಪ್ಪಿಸಲು ನಾಟಕ’, ‘ಅತ್ತೆಮನೆ ಒಗ್ಗಿಲ್ಲ, ಅದಕ್ಕೇ’ ಎಂಬ ಮಾತುಗಳು ನಮ್ಮಲ್ಲಿ ಮಾತ್ರ ಇರುವಂಥವಲ್ಲ. ಕಳೆದ ಶತಮಾನದಲ್ಲಿ ಪಶ್ಚಿಮದ ವೈದ್ಯರೇ, ಈ ಹೆಂಗಸರು ಒಳಮನಸ್ಸಿನಲ್ಲಿ ಬಸಿರನ್ನು ಒಲ್ಲರು ಎಂದು ಬರೆದರು. ಅವರನ್ನು ಒಂಟಿಯಾಗಿ ಕೂಡಿಹಾಕಿ, ವಾಂತಿ ಮಾಡಲು ಪಾತ್ರೆಯನ್ನೂ ಕೊಡದ ಚಿಕಿತ್ಸೆಗಳು ನಡೆದವು. ಆ ವಾದ ಈಗ ಬಿದ್ದುಹೋಗಿದೆ. ಅಮೆರಿಕದ ಮಾರ್ಲೀನಾ ಫೇಜೋ ಎಂಬ ತಳಿವಿಜ್ಞಾನಿ 1999ರಲ್ಲಿ ಸ್ವತಃ ಈ ಕಾಯಿಲೆಯಿಂದ ಮಗುವನ್ನು ಕಳೆದುಕೊಂಡವರು. ಅವರು ಮತ್ತು ಕೇಂಬ್ರಿಜ್‌ನ ಸ್ಟೀಫನ್ ಓರಾಹಿಲಿ ಹಾಗೂ ಸಂಗಡಿಗರು 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮೂಲ ಕಾರಣ ಜಿಡಿಎಫ್15 ಎಂಬ ಹಾರ್ಮೋನು. ಹೊಟ್ಟೆಯಲ್ಲಿರುವ ಮಗು ಮತ್ತು ಮಾಸು ಅದನ್ನು ಧಾರಾಳವಾಗಿ ತಾಯಿಯ ರಕ್ತಕ್ಕೆ ಬಿಡುತ್ತವೆ, ಅದು ಮೆದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರವನ್ನು ಕೆರಳಿಸುತ್ತದೆ. ಈ ಹಾರ್ಮೋನು ಎಲ್ಲರ ರಕ್ತದಲ್ಲಿಯೂ ಅಷ್ಟಿಷ್ಟು ಇರುತ್ತದೆ. ಬಸಿರಿಗೆ ಮೊದಲು ಯಾರಲ್ಲಿ ಅದು ತೀರ ಕಡಿಮೆ ಇತ್ತೋ ಅವರ ಮೆದುಳಿಗೆ ಅದರ ರೂಢಿಯೇ ಇರುವುದಿಲ್ಲ. ಗುಂಟೂರು ಮೆಣಸಿನಕಾಯಿ ತಿಂದು ಬೆಳೆದವರ ಮುಂದೆ, ಬರೀ ಬ್ಯಾಡಗಿ ಕಂಡವರನ್ನು ಕೂರಿಸಿ ಅದೇ ಚಟ್ನಿ ಬಡಿಸಿದರೆ ಕಣ್ಣೀರು ಯಾರಿಗೆ ಬರುತ್ತದೆ? ಹಾಗೆ.

ಇದಕ್ಕೆ ಒಂದು ಪುರಾವೆ ನಮ್ಮ ನೆರೆಯವರಿಗೆ ಪರಿಚಿತವಾದ ಕಾಯಿಲೆಯಿಂದಲೇ ಬಂದಿದೆ. ಬೀಟಾ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಹೆಂಗಸರ ರಕ್ತದಲ್ಲಿ ಈ ಹಾರ್ಮೋನು ಸದಾಕಾಲ ಬಹಳ ಮೇಲೆಯೇ ಇರುತ್ತದೆ; ಅವರಿಗೆ ಬಸಿರಿನಲ್ಲಿ ಓಕರಿಕೆ ತೀರ ಕಡಿಮೆಯೆಂದು ಆ ಸಂಶೋಧಕರು ಕಂಡರು. ಉಲ್ಹಾಸನಗರದ ಸಿಂಧಿ ಮನೆಗಳಲ್ಲಿ ಥಲಸ್ಸೇಮಿಯಾದ ಹೆಸರು ಗೊತ್ತಿಲ್ಲದವರಿಲ್ಲ. ಅಮ್ಮನಿಗೋ ಅಕ್ಕನಿಗೋ ಅತಿವಾಂತಿ ಆಗಿದ್ದರೆ ಮಗಳಿಗೂ ತಂಗಿಗೂ ಬರುವ ಸಾಧ್ಯತೆ ಹೆಚ್ಚು ಎಂಬುದರ ಹಿಂದೆಯೂ ಇದೇ ವಂಶವಾಹಿಯ ಲೆಕ್ಕಾಚಾರವಿದೆ. ಇಲ್ಲಿ ಮನಸ್ಸಿನ ದೃಢತೆಗೂ ಅತ್ತೆಮನೆಗೂ ಏನೂ ಪಾತ್ರವಿಲ್ಲ.

ಔಷಧದ ಬಗ್ಗೆ ಇರುವ ಭಯವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ, ಅದಕ್ಕೆ ಇತಿಹಾಸವಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥ್ಯಾಲಿಡೋಮೈಡ್ ಎಂಬ ಮಾತ್ರೆಯನ್ನು ಬಸುರಿಯರ ಓಕರಿಕೆಗೂ ಕೊಡುತ್ತಿದ್ದರು. 1961ರ ಕೊನೆಗೆ ಅದನ್ನು ಹಿಂತೆಗೆಯುವಷ್ಟರಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಅಂದಿನ ಹೆದರಿಕೆ ಒಳ್ಳೆಯ ಔಷಧಕ್ಕೂ ತಟ್ಟಿತು. ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್, ಅಂದರೆ ಬಿ6, ಇವೆರಡನ್ನೂ ಒಳಗೊಂಡ ಮಾತ್ರೆ 1956ರಿಂದ ಅಮೆರಿಕದಲ್ಲಿತ್ತು. ಕೋರ್ಟು ಕಚೇರಿಯ ಕಾಟ ತಾಳಲಾರದೆ 1983ರಲ್ಲಿ ತಯಾರಕರೇ ಅದನ್ನು ನಿಲ್ಲಿಸಿದರು. ಆಮೇಲೆ ಆದದ್ದೇನೆಂದರೆ, ಹುಟ್ಟುವ ಮಕ್ಕಳ ಅಂಗದೋಷಗಳು ಕಡಿಮೆಯಾಗಲಿಲ್ಲ, ವಾಂತಿಗಾಗಿ ಆಸ್ಪತ್ರೆ ಸೇರುವ ಬಸುರಿಯರ ಸಂಖ್ಯೆ ಮಾತ್ರ ಹೆಚ್ಚಿತು. 2013ರಲ್ಲಿ ಅದೇ ಜೋಡಿಗೆ ಅಲ್ಲಿ ಮತ್ತೆ ಅನುಮತಿ ದೊರೆಯಿತು. ನಮ್ಮಲ್ಲಿಯೂ ಮೊದಲು ಬರೆಯುವ ಮಾತ್ರೆ ಇದೇ. ಇದು ಕೆಲಸ ಮಾಡಲು ಕೆಲವು ಗಂಟೆ ಹಿಡಿಯುವುದರಿಂದ, ವಾಂತಿ ಬಂದಾಗ ನುಂಗಿದರೆ ಪ್ರಯೋಜನವಿಲ್ಲ. ರಾತ್ರಿ ಮಲಗುವಾಗ ನುಂಗಿದ್ದು ಬೆಳಗಿನ ಸಂಕಟಕ್ಕೆ ಒದಗುತ್ತದೆ. ನಿದ್ದೆ ತರುತ್ತದೆ, ಆದುದರಿಂದ ಹಗಲಿನಲ್ಲಿಯೂ ತೆಗೆದುಕೊಳ್ಳುವವರು ಲೋಕಲ್ಲಿನ ಬಾಗಿಲಿನಲ್ಲಿ ನಿಲ್ಲಬಾರದು. (ಹಾಗೆ ನೋಡಿದರೆ ಯಾರೂ ನಿಲ್ಲಬಾರದು.)

ಅದು ಸಾಲದಿದ್ದರೆ ಪ್ರೊಮೆಥಜೀನ್, ಮೆಟೊಕ್ಲೊಪ್ರಮೈಡ್, ಒಂಡಾನ್ಸೆಟ್ರಾನ್ ಮೊದಲಾದವು ಇವೆ. ಒಂಡಾನ್ಸೆಟ್ರಾನ್ ಬಗ್ಗೆ ಮೊಬೈಲಿನಲ್ಲಿ ಓದಿ ಗಾಬರಿಯಾಗಿ ಬರುವವರು ಹೆಚ್ಚು. ಮೊದಲ ಮೂರು ತಿಂಗಳಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಹತ್ತು ಸಾವಿರ ಹೆರಿಗೆಗಳಿಗೆ ಸುಮಾರು ಮೂರು ಸೀಳುತುಟಿ ಅಥವಾ ಸೀಳು ಅಂಗುಳಿನ ಮಕ್ಕಳು ಹೆಚ್ಚಾಗಿ ಹುಟ್ಟಬಹುದೆಂದು 2018ರ ದೊಡ್ಡ ಅಧ್ಯಯನವೊಂದು ತೋರಿಸಿತು. ಆ ಅಂಕಿಯನ್ನು ಒಂದು ತಕ್ಕಡಿಯಲ್ಲಿಟ್ಟು, ಮೂರು ದಿನದಿಂದ ನೀರು ಇಳಿಯದ ತಾಯಿಯನ್ನು ಇನ್ನೊಂದರಲ್ಲಿಟ್ಟು ನೋಡಬೇಕು. ಅದು ಮಲಬದ್ಧತೆಯನ್ನು ತರುತ್ತದೆ, ಪೊಟ್ಯಾಸಿಯಂ ಕಡಿಮೆಯಿದ್ದಾಗ ಹೃದಯದ ಲಯ ಕೆಡಿಸಬಹುದು. ಆದ್ದರಿಂದ ಔಷಧದಂಗಡಿಯವನನ್ನು ಕೇಳಿ ತರುವ ಮಾತ್ರೆಯಲ್ಲ. ಫೋಲಿಕ್ ಆಮ್ಲವನ್ನು ಬಿಡಬಾರದು, ಕಬ್ಬಿಣಾಂಶದ ಮಾತ್ರೆಯನ್ನು ವಾಂತಿ ತಗ್ಗುವವರೆಗೆ ವೈದ್ಯರಿಗೆ ಹೇಳಿ ಮುಂದೂಡಬಹುದು; ಹೇಗೂ ಅದು ನಾಲ್ಕನೆಯ ತಿಂಗಳಿನಿಂದ ಶುರುವಾಗುವಂಥದು. ಆಸ್ಪತ್ರೆ ಸೇರಿದವಳಿಗೆ ಹೊಟ್ಟೆಗೆ ರಕ್ತ ತೆಳುವಾಗಿಸುವ ಚುಚ್ಚುಮದ್ದು ಕೊಟ್ಟರೆ ಗಾಬರಿಯಾಗಬೇಡಿ. ನೀರಿಲ್ಲದ ದೇಹ ಹಾಸಿಗೆ ಹಿಡಿದಾಗ ಕಾಲಿನ ನರಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದನ್ನು ತಡೆಯಲಿಕ್ಕೆ. ಥೈರಾಯ್ಡ್ ವರದಿಯಲ್ಲಿ ಟಿಎಸ್‌ಎಚ್ ಕೆಳಗಿಳಿದು ಕಂಡರೂ ಬಹುತೇಕ ಅದು ಬಸಿರಿನ ಹಾರ್ಮೋನಿನ ಆಟವೇ, ತಾನಾಗಿ ಸರಿಹೋಗುತ್ತದೆ.

ಈಗ ಅಡುಗೆಮನೆಗೆ ಬರೋಣ. ಊರಿನ ಮನೆಯಲ್ಲಾದರೆ ಬಸುರಿ ಹಿತ್ತಲಿಗೋ ಜಗಲಿಗೋ ಹೋಗಿ ಕೂರಬಹುದು. ಇಲ್ಲಿ ಒಂದೇ ಖೋಲಿಯ ಚಾಳಿನಲ್ಲಿ, ಒಗ್ಗರಣೆಯ ಸಾಸಿವೆ ಸಿಡಿದರೆ ಅದರ ವಾಸನೆ ಹಾಸಿಗೆಯ ತಲೆದಿಂಬಿನವರೆಗೂ ಬರುತ್ತದೆ. ಪಕ್ಕದ ಮನೆಯವರು ಒಣ ಬೊಂಬಿಲ್ ಮೀನು ಹುರಿದರೆ ಕಿಟಕಿ ಮುಚ್ಚಿದರೂ ಸುಖವಿಲ್ಲ. ಅತಿವಾಂತಿಯವಳಿಗೆ ವಾಸನೆಯೇ ಅರ್ಧ ರೋಗ. ಮನೆಯವರು ಬೇರೇನೂ ಮಾಡಲಾಗದಿದ್ದರೂ ಅಡುಗೆಯನ್ನು ದಿನಕ್ಕೊಮ್ಮೆ, ಅವಳು ಮೆಟ್ಟಿಲಿಗೋ ಗಚ್ಚಿಗೋ ಹೋದ ಹೊತ್ತಿನಲ್ಲಿ ಮುಗಿಸಬಹುದು. ಅವಳಿಗೆ ಬಿಸಿ ಊಟಕ್ಕಿಂತ ಆರಿದ್ದು ಮೇಲು, ಏಕೆಂದರೆ ಆರಿದ ಅನ್ನಕ್ಕೆ ವಾಸನೆ ಕಡಿಮೆ. ಮೊಸರನ್ನ, ಕಟಕ ರೊಟ್ಟಿಯ ಒಂದು ಚೂರು, ಕುರ್ಮುರೆ, ಮಿಡಿ ಉಪ್ಪಿನಕಾಯಿಯ ಜೊತೆ ಎರಡು ತುತ್ತು ಗಂಜಿ, ಅವಳಿಗೆ ಏನು ಇಳಿಯುತ್ತದೋ ಅದು. ಸಮತೋಲ ಆಹಾರ, ಇಬ್ಬರ ಪಾಲಿನ ಊಟ ಇತ್ಯಾದಿ ಮಾತುಗಳನ್ನು ಆಮೇಲಿಗೆ ಇಟ್ಟುಕೊಳ್ಳಿ. ಶುಂಠಿ ಸೌಮ್ಯವಾದ ಓಕರಿಕೆಗೆ ಒಳ್ಳೆಯದೇ. ಅತಿವಾಂತಿಯವಳ ಗಂಟಲಿಗೆ ಅದು ಉರಿಯನ್ನಷ್ಟೇ ಕೊಡುತ್ತದೆ.

ನೀರು ಕುಡಿಸುವ ವಿಧಾನವನ್ನು ಮಾತ್ರ ಎಲ್ಲರೂ ಕಲಿತಿರಬೇಕು. ಲೋಟ ತುಂಬ ಕೊಟ್ಟರೆ ಲೋಟ ತುಂಬ ಹೊರಗೆ ಬರುತ್ತದೆ. ಕೆಮ್ಮಿನ ಔಷಧದ ಬಾಟಲಿಯ ಜೊತೆ ಬರುವ ಪುಟ್ಟ ಮುಚ್ಚಳವಿದೆಯಲ್ಲ, ಅದರಲ್ಲಿ ಹತ್ತು ಮಿಲಿಯ ಗೆರೆ ಇರುತ್ತದೆ. ಗಡಿಯಾರ ನೋಡುತ್ತ ಐದು ನಿಮಿಷಕ್ಕೊಂದು ಮುಚ್ಚಳ. ಗಂಟೆಗೆ 120 ಮಿಲಿ, ಹತ್ತು ಗಂಟೆಗೆ ಒಂದು ಲೀಟರಿಗೂ ಮೀರಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ತಣ್ಣಗಿದ್ದರೆ ಸುಲಭವಾಗಿ ಇಳಿಯುತ್ತದೆ. ಓಆರ್‌ಎಸ್ ಅನ್ನೇ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ತುಂಡು ಚೀಪಲು ಕೊಡಬಹುದು. ಓಆರ್‌ಎಸ್ ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ, ಒಂದು ಲೀಟರ್ ನೀರಿಗೆ ಕಲಸುವಂಥದು. ಬಣ್ಣದ ಡಬ್ಬಿಗಳಲ್ಲಿ ಮಾರುವ ಸಿಹಿ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶಿಸಿದೆ. ಪುಡಿ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಕೆಲಸಕ್ಕೆ ಹೋಗುವವರಿಗೆ ಎರಡು ಮಾತು. ಬಸಿರಿನಿಂದ ಉಂಟಾದ ಕಾಯಿಲೆಗೆ ಹೆರಿಗೆ ರಜೆಯ ಹೊರತಾಗಿ ಒಂದು ತಿಂಗಳವರೆಗೆ ಸಂಬಳಸಹಿತ ರಜೆ ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿಯೇ ಇತ್ತು, ಹೊಸ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. 26 ವಾರಗಳ ರಜೆ ಎಲ್ಲರಿಗೂ ಗೊತ್ತು, ಈ ಒಂದು ತಿಂಗಳು ಯಾರಿಗೂ ಗೊತ್ತಿಲ್ಲ; ವೈದ್ಯರ ಪತ್ರ ಬೇಕು, ಕೇಳಿ ಬರೆಸಿಕೊಳ್ಳಿ. ಲೋಕಲ್ ರೈಲಿನಲ್ಲಿ ದಿವ್ಯಾಂಗರ ಡಬ್ಬದಲ್ಲಿ ಬಸುರಿಯರೂ ಹತ್ತಬಹುದು. ಹೊಟ್ಟೆ ಕಾಣದ ಮೊದಲ ತಿಂಗಳುಗಳಲ್ಲಿ ಅಲ್ಲಿ ಎಲ್ಲರೂ ದುರುಗುಟ್ಟಿ ನೋಡುತ್ತಾರೆ, ಆಸ್ಪತ್ರೆಯ ಫೈಲಿನ ಮೊದಲ ಪುಟವನ್ನು ಪರ್ಸಿನಲ್ಲಿಟ್ಟುಕೊಂಡಿರಿ.

ಕೊನೆಗೆ, ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ. ವಾರಗಟ್ಟಲೆ ಹೀಗೆ ನರಳಿದವಳು ಒಂದು ದಿನ ನನ್ನೆದುರು ತಲೆ ತಗ್ಗಿಸಿ, ‘ಈ ಮಗು ಬೇಡ ಅನ್ನಿಸ್ತದೆ’ ಎನ್ನುತ್ತಾಳೆ. ಹಂಬಲಿಸಿ, ಹರಕೆ ಹೊತ್ತು ಪಡೆದ ಬಸಿರಾದರೂ ಹಾಗೆನ್ನುತ್ತಾಳೆ. ಅದು ಮಗುವಿನ ಮೇಲಿನ ದ್ವೇಷವಲ್ಲ, ಆ ವಾಂತಿ ನಿಲ್ಲಲಿ ಎಂಬ ಮೊರೆ. ಅವಳಿಗೆ ಉಪದೇಶ ಬೇಡ, ಸರಿಯಾದ ಔಷಧ ಬೇಕು; ಬಹಳ ಸಲ ನಾಲ್ಕು ದಿನ ಹೊಟ್ಟೆಯಲ್ಲಿ ಅನ್ನ ನಿಂತರೆ ಮಾತು ಬದಲಾಗುತ್ತದೆ. ಬದಲಾಗದಿದ್ದರೂ ಆ ಮಾತನ್ನು ಗೌರವದಿಂದಲೇ ಕೇಳಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು.

ಪ್ರಶ್ನೆಗಳ ಹೊತ್ತಿನಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, ತಾವು ಆರು ಹೆತ್ತಿದ್ದು, ಒಂದು ಮಾತ್ರೆಯನ್ನೂ ನುಂಗಲಿಲ್ಲವೆಂದು ಹೇಳಿದರು. ‘ಅಜ್ಜಿ, ನಿಮ್ಮ ಓರಗೆಯವರಲ್ಲಿ ಬಸಿರಿನಲ್ಲೇ ಸೊರಗಿ ಹೋದವರು ಯಾರೂ ಇರಲಿಲ್ಲವೇ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ನಾದಿನಿಯ ಹೆಸರು ಹೇಳಿದರು. ವಾಂತಿ ಹೆಚ್ಚಾದರೆ ಹೆಣ್ಣೇ ಎಂದು ಇನ್ನೊಬ್ಬರು ಕೇಳಿದಾಗ, ವಾಂತಿಯಿಂದ ಯಾರೂ ಹೆಣ್ಣು ಗಂಡು ತಿಳಿಯಲಾರರು, ನಾನು ಆ ಚರ್ಚೆಗೇ ಇಳಿಯುವುದಿಲ್ಲ ಎಂದೆ.

ಒಮ್ಮೆ ಅತಿವಾಂತಿ ಆದವರಿಗೆ ಮತ್ತೆ ಆಗುತ್ತದೆಯೇ ಎಂಬ ಪ್ರಶ್ನೆ ಹಿಂದಿನ ಸಾಲಿನಿಂದ, ಮಗಳ ಕೈ ಹಿಡಿದು ನಿಂತಿದ್ದ ಹೆಂಗಸಿನಿಂದ ಬಂತು. ಆಗುವ ಸಾಧ್ಯತೆ ಇತರರಿಗಿಂತ ಬಹಳ ಹೆಚ್ಚು, ಸುಳ್ಳು ಸಮಾಧಾನ ಹೇಳಲಾರೆ. ಆದರೆ ಈ ಬಾರಿ ಅದಕ್ಕೆ ಹೆಸರು ಗೊತ್ತಿದೆ. ಮುಟ್ಟು ತಪ್ಪಿದ ವಾರವೇ, ವಾಂತಿ ಶುರುವಾಗುವ ಮೊದಲೇ ಬಂದರೆ, ಅಥವಾ ಓಕರಿಕೆಯ ಮೊದಲ ಸುಳಿವಿಗೇ ಮಾತ್ರೆ ಶುರು ಮಾಡಿದರೆ ತೀವ್ರತೆ ತಗ್ಗುತ್ತದೆ. ಕುಂದಾಪುರದ ಹುಡುಗಿ ಎರಡನೆಯ ಸಲ ಐದನೆಯ ವಾರದಲ್ಲಿ ಬಂದಳು. ತೂಕ 54 ಎಂದು ಬರೆದುಕೊಂಡೆವು, ಆ ರಾತ್ರಿಯಿಂದಲೇ ಮಾತ್ರೆ. ವಾಂತಿಯೇನೂ ಬಿಡಲಿಲ್ಲ, ಒಮ್ಮೆ ಎರಡು ದಿನ ಆಸ್ಪತ್ರೆಯಲ್ಲಿಯೂ ಇರಬೇಕಾಯಿತು. ಸಲೈನ್ ಹಚ್ಚಲು ಬಂದ ನರ್ಸಿಗೆ, ನಾನು ಬಾಯಿ ತೆರೆಯುವ ಮುನ್ನವೇ, ‘ಸಿಸ್ಟರ್, ಪೈಲೇ ಬೀ ವನ್’ ಎಂದಳು.